‘ಗೊತ್ತು, ನೋಡಿದೆ’ ಎಂದ ಮೇಲೆ ಮಾತನಾಡುವುದೇನು?

ಇಳಿಸಂಜೆ (ಚರ್ಚೆ ಆರಂಭಿಸಿದವರು)

ವಿಷಯ ಸಣ್ಣದೋ ದೊಡ್ಡದೋ ನೀವೇ ಹೇಳಿ.

ನನಗೊಬ್ಬ ಗೆಳೆಯನಿದ್ದಾನೆ. ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು ನಾವು. ಈಗ ಅವನಿರುವಲ್ಲಿ ಹಗಲಾದರೆ ನನಗೆ ರಾತ್ರಿ. ಹಾಗೆಂದು ಸಂಪರ್ಕ ತಪ್ಪಿದೆ ಎನ್ನುವಂತಿಲ್ಲ. ಫೇಸ್‌ಬುಕ್‌ನಲ್ಲಿ ಅವನು ಹಾಕಿದ್ದನ್ನು ನಾನು ನೋಡುತ್ತೇನೆ, ನಾನು ಹಾಕಿದ್ದನ್ನು ಅವನು ನೋಡುತ್ತಾನೆ. ಅವನ ಮಗಳು ಕೂದಲು ಕತ್ತರಿಸಿಕೊಂಡದ್ದೂ ನನಗೆ ಗೊತ್ತು.

ಹೋದ ವಾರ ಯಾಕೋ ಫೋನು ಮಾಡಬೇಕೆನಿಸಿತು. ನಾಲ್ಕು ವರ್ಷಗಳಲ್ಲಿ ಅದೇ ಮೊದಲ ಕರೆ. ‘ಮನೆ ಬದಲಾಯಿಸಿದೆವು’ ಎಂದ. ‘ಗೊತ್ತು, ನೋಡಿದೆ’ ಎಂದೆ. ‘ನನ್ನ ಕಾಲು ಮುರಿದಿತ್ತು’ ಎಂದೆ. ‘ಹೌದು, ನೋಡಿದೆ, ಪ್ಲಾಸ್ಟರ್ ತೆಗೆದಾಯಿತಲ್ಲ?’ ಎಂದ. ಅವನು ಒಂದು ಹೇಳುವುದು, ನಾನು ‘ನೋಡಿದೆ’ ಎನ್ನುವುದು, ನಾನು ಒಂದು ಹೇಳುವುದು, ಅವನು ‘ನೋಡಿದೆ’ ಎನ್ನುವುದು. ಗುಮಾಸ್ತರಿಬ್ಬರು ಎರಡು ಲೆಕ್ಕದ ಪುಸ್ತಕಗಳನ್ನು ತಾಳೆ ನೋಡಿದ ಹಾಗಿತ್ತು. ಆರು ನಿಮಿಷ ಹದಿಮೂರು ಸೆಕೆಂಡಿಗೆ ಮುಗಿಯಿತು.

ಫೋನಿಟ್ಟ ಮೇಲೆ ಹೊಳೆಯಿತು. ಕಾಲು ಹೇಗೆ ಮುರಿಯಿತು ಎಂದು ಅವನು ಕೇಳಲಿಲ್ಲ. ಇದ್ದ ಮನೆಯನ್ನು ಯಾಕೆ ಬಿಟ್ಟಿರಿ ಎಂದು ನಾನೂ ಕೇಳಲಿಲ್ಲ. ಹೊಸ ಮನೆಯ ಬಾಲ್ಕನಿಯ ಫೋಟೋ ನೋಡಿದ್ದೆನಲ್ಲ, ಎಲ್ಲವೂ ತಿಳಿದಂತೆಯೇ ಆಗಿಬಿಟ್ಟಿತ್ತು.

ನಿಮಗೂ ಹೀಗಾಗಿದೆಯೇ? ಅಥವಾ ಇದು ವಯಸ್ಸಾಗುತ್ತಿರುವುದರ ಲಕ್ಷಣವೇ?

ಅಡ್ಡಪ್ರಶ್ನೆ

ವಯಸ್ಸಿನ ಲಕ್ಷಣ.

ತಮಾಷೆಗೆ ಹೇಳಿದೆ, ಬೇಸರ ಬೇಡ. ಆದರೆ ನಾಲ್ಕು ವರ್ಷ ಫೋನು ಮಾಡದೇ ಇದ್ದವರು ನೀವು, ತಪ್ಪು ಮಾತ್ರ ಜಾಲತಾಣದ್ದು. ಕುಣಿಯಲಾರದವರಿಗೆ ನೆಲ ಡೊಂಕು. ಆ ಬಾಲ್ಕನಿಯ ಫೋಟೋ ಕೂಡ ಇರದಿದ್ದರೆ ಅವನು ಬದುಕಿದ್ದಾನೋ ಇಲ್ಲವೋ ಎಂಬುದೂ ನಿಮಗೆ ತಿಳಿಯುತ್ತಿರಲಿಲ್ಲ.

ಮೂರನೇ ಮಹಡಿ

ಇಳಿಸಂಜೆ ಅವರೇ, ನನಗೆ ಆಗಿದೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ನನ್ನ ತಂಗಿಗೆ ಹೂವಿನ ಗಿಡಗಳ ಹುಚ್ಚು. ಒಂದು ವರ್ಷ ದಿನ ಬಿಟ್ಟು ದಿನ ಫೋಟೋ ಹಾಕುತ್ತಿದ್ದಳು. ಇಂದು ಮೊಗ್ಗು, ನಾಳೆ ಹೂವು, ಎಲೆಯ ಹಿಂದೆ ಕೂತ ಕಂಬಳಿಹುಳು. ಎಲ್ಲಕ್ಕೂ ನಾನು ಹೃದಯದ ಗುರುತು ಒತ್ತುತ್ತಿದ್ದೆ. ಎಷ್ಟು ಸುಖವಾಗಿದ್ದಾಳೆ ಎಂದುಕೊಂಡಿದ್ದೆ. ಏಳು ತಿಂಗಳ ನಂತರ ಬೇರೆ ಯಾರೋ ಹೇಳಿದ ಮೇಲೆ ತಿಳಿಯಿತು, ಅವಳ ಕೆಲಸ ಹೋಗಿತ್ತು. ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಆಮೇಲೆ ಆ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಎಲ್ಲವೂ ಕಣ್ಣ ಮುಂದೆಯೇ ಇತ್ತು. ನೆರಳು ಗಿಡದ ಬುಡದಲ್ಲೇ ಬಿದ್ದಿದೆ, ಅಂದರೆ ನಡುಹಗಲು. ಹಾಕಿದ ದಿನ ಮಂಗಳವಾರ, ಬುಧವಾರ. ವಾರದ ನಡುವೆ ಹಗಲು ಹನ್ನೆರಡಕ್ಕೆ ಗುಲಾಬಿಗೆ ನೀರು ಹಾಕಲು ಬಿಡುವ ಕಚೇರಿ ಯಾವುದು ಎಂದು ನನಗೊಮ್ಮೆಯೂ ಹೊಳೆಯಲಿಲ್ಲ. ನಾನು ನೋಡಿದ್ದು ಗುಲಾಬಿಯನ್ನು ಮಾತ್ರ.

ತಂತಿಬೇಲಿ

ನನ್ನ ಕೆಲಸ ಇದೇ ಕ್ಷೇತ್ರದಲ್ಲಿ, ಆದ್ದರಿಂದ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ.

‘ನೋಡಿದೆ’ ಎಂಬ ಈ ಉತ್ತರಕ್ಕೆ ಹುಟ್ಟಿದ ದಿನಾಂಕವೇ ಇದೆ ಎನ್ನಬಹುದು. ಫೇಸ್‌ಬುಕ್ ಶುರುವಾದದ್ದು 2004ರ ಫೆಬ್ರುವರಿಯಲ್ಲಿ. ಮೊದಲ ಎರಡೂವರೆ ವರ್ಷ ಅದರಲ್ಲಿ ಇಂದಿನ ಹಾಗೆ ಸುದ್ದಿ ತಾನಾಗಿ ಹರಿದು ಬರುತ್ತಿರಲಿಲ್ಲ. ಗೆಳೆಯ ಏನು ಮಾಡುತ್ತಿದ್ದಾನೆ ಎಂದು ತಿಳಿಯಬೇಕಾದರೆ ಅವನ ಹೆಸರು ಹುಡುಕಿ, ಅವನ ಪುಟಕ್ಕೇ ಹೋಗಿ ನೋಡಬೇಕಿತ್ತು. 2006ರ ಸೆಪ್ಟೆಂಬರ್‌ನಲ್ಲಿ ‘ನ್ಯೂಸ್ ಫೀಡ್’ ಬಂತು. ಎಲ್ಲರ ಮನೆಯ ಸುದ್ದಿಯೂ ನಿಮ್ಮ ಬಾಗಿಲಿಗೇ ಬಂದು ಬೀಳತೊಡಗಿತು. ಆಗ ಬಳಕೆದಾರರು ದೊಡ್ಡ ಗಲಾಟೆಯನ್ನೇ ಮಾಡಿದ್ದರು. ಇದು ಬೇಹುಗಾರಿಕೆ, ನಮಗೆ ಬೇಡ ಎಂದು ಅಲ್ಲಿಯೇ ಗುಂಪು ಕಟ್ಟಿದರು. ತಮಾಷೆ ಏನೆಂದರೆ ಆ ಪ್ರತಿಭಟನೆ ಅಷ್ಟು ಬೇಗ ಹಬ್ಬಿದ್ದೂ ಅದೇ ಫೀಡ್‌ನಿಂದ. ಕಂಪನಿ ಖಾಸಗಿತನದ ಕೆಲವು ಆಯ್ಕೆಗಳನ್ನು ಕೊಟ್ಟು ಸಮಾಧಾನ ಮಾಡಿತು, ಫೀಡ್ ಮಾತ್ರ ಉಳಿಯಿತು. 2009ರ ಫೆಬ್ರುವರಿಯಲ್ಲಿ ‘ಲೈಕ್’ ಗುಂಡಿಯೂ ಬಂದ ಮೇಲೆ ಎರಡು ಮಾತು ಬರೆಯುವ ಕೆಲಸವೂ ತಪ್ಪಿತು.

ಒಬ್ಬರ ಪುಟಕ್ಕೆ ಹೋಗಿ ನೋಡುವುದಕ್ಕೂ ಅವರ ಸುದ್ದಿ ಬಂದು ನಮ್ಮ ಕಣ್ಣಿಗೆ ಬೀಳುವುದಕ್ಕೂ ವ್ಯತ್ಯಾಸವಿದೆ. ಹೋದವನು ಯಾರನ್ನೋ ನೆನೆದು ಹೋಗಿರುತ್ತಾನೆ. ನಿಮ್ಮ ಗೆಳೆಯನನ್ನು ನೀವು ಕೊನೆಯ ಬಾರಿ ನೆನೆದು ಅವನ ಪುಟಕ್ಕೆ ಹೋದದ್ದು ಯಾವಾಗ?

ಹಳೆಯ ಕಾರ್ಡು

ಆರ್ಕುಟ್ ಎಂಬ ಹಳೆಯ ಜಾಲತಾಣ ನೆನಪಾಯಿತು. 2004ರಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ಕ್ಕೆ ಕಣ್ಣು ಮುಚ್ಚಿತು, ಹತ್ತು ವರ್ಷದ ಆಯಸ್ಸು.

ಅದರಲ್ಲಿ ‘ಸ್ಕ್ರ್ಯಾಪ್’ ಬರೆಯುವುದೆಂದರೆ ಇನ್ನೊಬ್ಬರ ಗೋಡೆಯ ಮೇಲೆ ಬರೆದು ಬರುವುದು. ಉತ್ತರ ಬೇಕಾದರೆ ಅವರು ನಮ್ಮ ಗೋಡೆಗೆ ಬಂದು ಬರೆಯಬೇಕು. ಆದ್ದರಿಂದ ಯಾರದೇ ಗೋಡೆ ನೋಡಿದರೂ ಸಂಭಾಷಣೆಯ ಅರ್ಧ ಮಾತ್ರ ಸಿಗುತ್ತಿತ್ತು. ‘ಹೌದಾ! ಆಮೇಲೆ?’ ಎಂದು ಒಂದು ಕಡೆ. ಯಾವುದಕ್ಕೆ ಹೌದಾ, ಆಮೇಲೆ ಏನಾಯಿತು ಎಂದು ತಿಳಿಯಲು ಇನ್ನೊಬ್ಬರ ಪುಟ ತೆರೆಯಬೇಕು. ಬೇರೆಯವರ ಜಗಳವನ್ನು ಎರಡು ಕಿಟಕಿ ತೆರೆದಿಟ್ಟುಕೊಂಡು ಓದಿದ ಪಾಪ ನನ್ನದೂ ಇದೆ. ನಮ್ಮ ಪುಟಕ್ಕೆ ಇತ್ತೀಚೆಗೆ ಬಂದು ಹೋದವರ ಹೆಸರನ್ನೂ ಅದು ತೋರಿಸುತ್ತಿತ್ತು. ಇಣುಕಿದವರು ಸಿಕ್ಕಿಬೀಳುತ್ತಿದ್ದರು! ಸಿಕ್ಕಿಬಿದ್ದವರು ಮುಜುಗರದಿಂದಲಾದರೂ ‘ಹೇಗಿದ್ದೀಯ’ ಎಂದು ಬರೆದು ಹೋಗುತ್ತಿದ್ದರು. ನನ್ನ ಎಷ್ಟೋ ಪರಿಚಯಗಳು ಚಿಗುರಿದ್ದು ಆ ಮುಜುಗರದಿಂದಲೇ.

ನಿಶ್ಶಬ್ದ

ಎಲ್ಲರೂ ಫೋನಿನ ಮಾತೇ ನಿಜವಾದ ಮಾತು ಎಂಬಂತೆ ಬರೆಯುತ್ತಿದ್ದೀರಿ. ನನಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಫೋನು ಎಂಬುದು ನನ್ನ ಮನೆಯಲ್ಲಿ ಬೇರೆಯವರಿಗಾಗಿ ಇದ್ದ ವಸ್ತು. ಅದು ಬಡಿದುಕೊಂಡಾಗ ಎಲ್ಲರ ತಲೆ ಒಂದೇ ಕಡೆ ತಿರುಗುವುದನ್ನು ನೋಡುತ್ತಾ ಬೆಳೆದವಳು ನಾನು.

ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು. ಅದು ನನ್ನ ಕೈಗೆ ಬಂದದ್ದು ಬಹಳ ತಡವಾಗಿ, ಆದರೆ ಬಂದ ದಿನ ನಡುವೆ ಯಾರೂ ಇಲ್ಲದೆ ನಾನೇ ಒಬ್ಬರಿಗೆ ‘ತಡವಾಗುತ್ತದೆ, ಕಾಯಬೇಡ’ ಎಂದು ಹೇಳಿದೆ. ಕೇಳಿಸಿಕೊಳ್ಳುವವರಿಗೆ ಅದು ಮಾತೇ ಅಲ್ಲ. ಇಪ್ಪತ್ತು ದಾಟಿದ ಮೇಲೆ ಮೊದಲ ಬಾರಿ ಹೇಳಿದ ನನಗೆ ಹಾಗಲ್ಲ.

ಈಗ ವೀಡಿಯೊ ಕರೆಯಲ್ಲಿ ಸನ್ನೆ ಭಾಷೆಯಲ್ಲೇ ಹರಟುತ್ತೇವೆ. ಇದರ ಕಷ್ಟಗಳೇ ಬೇರೆ. ಫೋನು ಕೈಯಲ್ಲಿ ಹಿಡಿದರೆ ಮಾತಿಗೆ ಉಳಿಯುವುದು ಒಂದೇ ಕೈ, ಅರ್ಧ ನಾಲಿಗೆ ಕಟ್ಟಿದಂತೆ. ಆದ್ದರಿಂದ ಲೋಟಕ್ಕೋ ಪುಸ್ತಕದ ರಾಶಿಗೋ ಒರಗಿಸಿ ಇಡಬೇಕು. ಬೆಳಕು ಬೆನ್ನ ಹಿಂದೆ ಇದ್ದರೆ ನಾವು ಕಪ್ಪು ಬೊಂಬೆಗಳು. ನೆಟ್‌ವರ್ಕ್ ನಿಧಾನವಾದರೆ ಎದುರಿನವರ ಕೈ ಗಾಳಿಯಲ್ಲಿ ಹಾಗೆಯೇ ನಿಂತುಬಿಡುತ್ತದೆ, ಆಡುತ್ತಿದ್ದ ಮಾತು ಅರ್ಧಕ್ಕೇ ಹೆಪ್ಪುಗಟ್ಟುತ್ತದೆ. ಒಮ್ಮೆ ಗೆಳತಿ ಏನೋ ಗುಟ್ಟು ಹೇಳುತ್ತಿದ್ದಳು, ಎರಡೂ ಕೈ ಎತ್ತಿ ಕಣ್ಣರಳಿಸಿದ ಆ ಕ್ಷಣಕ್ಕೇ ಚಿತ್ರ ನಿಂತಿತು. ಆರೇಳು ಸೆಕೆಂಡು ನಾನು ಅವಳ ಮುಖವನ್ನೇ ನೋಡುತ್ತಾ, ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ಊಹಿಸುತ್ತಾ ಕೂತಿದ್ದೆ.

ಇಳಿಸಂಜೆ ಅವರ ದುಃಖ ಅರ್ಥವಾಗುತ್ತದೆ. ‘ನೋಡಿದೆ’ ಎಂಬ ಮಾತಿನ ಮೇಲೆ ಸಿಟ್ಟು ಮಾತ್ರ ಬೇಡ. ನಮಗೆ ನೋಡುವುದೇ ಕೇಳುವುದು.

ಇಳಿಸಂಜೆ

ನಿಶ್ಶಬ್ದ ಅವರೇ, ನಿಮ್ಮ ಮಾತು ತಟ್ಟಿತು. ನಾನು ಫೋನು ದೊಡ್ಡದು, ಫೋಟೋ ಸಣ್ಣದು ಎಂದು ಹೇಳಹೊರಟಿದ್ದಲ್ಲ, ಆದರೆ ಹಾಗೆಯೇ ಬರೆದಿದ್ದೇನೆ. ಗೆಳತಿ ಹೇಳುತ್ತಿದ್ದ ಸುದ್ದಿ ಒಳ್ಳೆಯದೋ ಕೆಟ್ಟದ್ದೋ?

ನಿಶ್ಶಬ್ದ

ಗುಟ್ಟು ಎಂದೆನಲ್ಲ.

ಗುಂಪಿನ ಗುಮಾಸ್ತ

ನನ್ನ ಹೆಸರೇ ಹೇಳುವಂತೆ ನಾನೊಂದು ವಾಟ್ಸಾಪ್ ಗುಂಪಿನ ಅಡ್ಮಿನ್. ಶಾಲೆಯ ಸಹಪಾಠಿಗಳದ್ದು, 83 ಜನ. ಮಾತನಾಡುವವರು ನಾಲ್ವರು, ಅದರಲ್ಲಿ ಇಬ್ಬರದು ರಾಜಕೀಯ, ಒಬ್ಬರದು ಮುಂಜಾನೆಯ ಸೂರ್ಯ, ನಾಲ್ಕನೆಯವನು ‘ದಯವಿಟ್ಟು ಇಲ್ಲಿ ಇಂಥವನ್ನು ಹಾಕಬೇಡಿ’ ಎನ್ನುವವನು, ಅಂದರೆ ನಾನು. ಹಲವು ಸಲ ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತಿರುತ್ತದೆ, 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಮಾತ್ರ ಕಳಿಸಬಹುದು. ನಮ್ಮ ಸೂರ್ಯನ ಗೆಳೆಯ ಆ ಒಂದು ಕಡೆಯಾಗಿ ಪ್ರತಿದಿನ ನಮ್ಮನ್ನೇ ಆರಿಸಿಕೊಳ್ಳುತ್ತಾನೆ. ಇರಲಿ, ಇದು ಪೀಠಿಕೆ.

ಹೋದ ವರ್ಷ ನಮ್ಮಲ್ಲೊಬ್ಬ ಆಸ್ಪತ್ರೆ ಸೇರಿದ. ಅವನ ಹೆಂಡತಿ ನನಗೆ ತಿಳಿಸಿದಳು, ನಾನು ಗುಂಪಿನಲ್ಲಿ ಹಾಕಿದೆ. ಹಾಕಿದ ಮೇಲೆ ಮಾಡಬಾರದ ಕೆಲಸವೊಂದನ್ನು ಮಾಡಿದೆ. ಸಂದೇಶವನ್ನು ಒತ್ತಿ ಹಿಡಿದು, ಯಾರು ಯಾರು ಓದಿದ್ದಾರೆ ಎಂಬ ಪಟ್ಟಿ ತೆಗೆದೆ. ನೀಲಿ ಗುರುತನ್ನು ಯಾರು ಬೇಕಾದರೂ ಮುಚ್ಚಿಡಬಹುದು ನಿಜ, ಆದರೆ ಗುಂಪಿನಲ್ಲಿ ಆ ಮುಚ್ಚುಮರೆ ನಡೆಯುವುದಿಲ್ಲ. ರಾತ್ರಿ ಮಲಗುವಷ್ಟರಲ್ಲಿ 61 ಜನ ಓದಿದ್ದರು. ಉತ್ತರಿಸಿದವರು ಐದು ಜನ, ಅದರಲ್ಲೂ ಮೂವರದು ಕೈಮುಗಿದ ಚಿತ್ರ. ನಾನು ಆ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕದಂತೆ ಓದಿದೆ. ಇವನು ಅಂದು ಅವನ ಟಿಪ್ಪಣಿ ನೋಡಿ ಪಾಸಾದವನು, ಓದಿಯೂ ಸುಮ್ಮನಿದ್ದಾನೆ. ಇವಳು ಹೀಗೆ, ಇವನು ಹಾಗೆ. ಬೆಳಗಿನ ಹೊತ್ತಿಗೆ ನನ್ನ ಮನಸ್ಸಿನಲ್ಲಿ 56 ಜನರಿಗೆ ಶಿಕ್ಷೆಯಾಗಿತ್ತು.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಟಿಪ್ಪಣಿ ನೋಡಿ ಪಾಸಾದವನು ಅಲ್ಲಿಯೇ ಬೆಂಚಿನ ಮೇಲೆ ಚಪ್ಪಲಿ ಕಳಚಿಟ್ಟು ನಿದ್ದೆ ಮಾಡುತ್ತಿದ್ದ. ಸಂದೇಶ ಓದಿದ ಅರ್ಧ ಗಂಟೆಯಲ್ಲಿ ಹೊರಟವನು, ಎರಡು ರಾತ್ರಿ ಅಲ್ಲೇ ಇದ್ದನಂತೆ. ‘ಗುಂಪಿನಲ್ಲಿ ಒಂದು ಮಾತು ಬರೆಯಬಾರದಿತ್ತೇ?’ ಎಂದೆ. ‘ಏನಂತ ಬರೆಯಲಿ, ಹೊರಟಿದ್ದೇನೆ ಅಂತಲಾ?’ ಎಂದ.

ಆದ್ದರಿಂದ ಇಳಿಸಂಜೆ ಅವರೇ, ‘ನೋಡಿದೆ’ ಎಂಬುದರ ಹಿಂದೆ ಏನಿದೆ ಎಂದು ನೋಡಿದ ಗುರುತಿನಿಂದ ತಿಳಿಯುವುದಿಲ್ಲ.

ಅಡ್ಡಪ್ರಶ್ನೆ

ನಾನು ಮೊದಲಿನಿಂದಲೂ ಹೇಳುತ್ತಿರುವುದು ಇದನ್ನೇ.

ಮೂರನೇ ಮಹಡಿ

ಇಲ್ಲ, ನೀವು ಹೇಳಿದ್ದು ‘ವಯಸ್ಸಿನ ಲಕ್ಷಣ’ ಎಂದು. ಮೇಲೆ ಹಾಗೆಯೇ ಇದೆ.

ಅಡ್ಡಪ್ರಶ್ನೆ

ಒಪ್ಪಿದೆ. ಆದರೆ ಒಂದು ಮಾತು ಉಳಿದಿದೆ. ದೂರದವರೊಡನೆ ಮಾತು ಮುಗಿದುಹೋಗುವುದು ಜಾಲತಾಣಕ್ಕಿಂತ ಹಳೆಯ ರೋಗ. ನನ್ನ ಅಜ್ಜನ ಪೆಟ್ಟಿಗೆಯಲ್ಲಿ ಅವರ ಅಣ್ಣ ಬರೆದ ಕಾಗದಗಳಿದ್ದವು, ಓದಿದ್ದೇನೆ. ‘ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು ಶುರುವಾಗಿ ಮಳೆ, ಜ್ವರ, ಯಾರದೋ ಮದುವೆ, ಮುಗಿಯಿತು. ಮೂವತ್ತು ಕಾಗದ, ಮೂವತ್ತರಲ್ಲೂ ಅದೇ. ಅದೂ ಒಂದು ಬಗೆಯ ಲೈಕ್. ಕಾಗದ ಎಂದ ಕೂಡಲೇ ಕಣ್ಣು ತೇವ ಮಾಡಿಕೊಳ್ಳುವವರು ಅವನ್ನು ಒಮ್ಮೆ ಓದಬೇಕು.

ಹಳೆಯ ಕಾರ್ಡು

ಆದರೂ ಅಜ್ಜ ಅವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರಲ್ಲ.

ದೀಪದ ಕುಡಿ

ಇಲ್ಲಿ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನ್ನ ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅವನ ಫೇಸ್‌ಬುಕ್ ಖಾತೆ ಹಾಗೆಯೇ ಇದೆ. ಪ್ರತಿ ವರ್ಷ ಅವನ ಹುಟ್ಟುಹಬ್ಬದಂದು ಸುದ್ದಿ ತಿಳಿಯದ ಯಾರೋ ಒಬ್ಬರು ‘ನೂರು ವರ್ಷ ಬಾಳು’ ಎಂದು ಬರೆಯುತ್ತಾರೆ. ಮೊದಲ ವರ್ಷ ನನಗೆ ಎದೆಗೆ ಗುದ್ದಿದಂತಾಗಿತ್ತು. ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಬದಲಾಯಿಸಲು ಬರುತ್ತದೆ ಎಂದು ಗೊತ್ತಾಯಿತು. ತೀರಿಕೊಂಡದ್ದಕ್ಕೆ ದಾಖಲೆ ಕೊಟ್ಟು ಮನವಿ ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ಹುಟ್ಟುಹಬ್ಬದ ನೆನಪೋಲೆ ಯಾರಿಗೂ ಹೋಗುವುದಿಲ್ಲ, ಹೆಸರಿನ ಬಳಿ ‘ಸ್ಮರಣೆ’ ಎಂದು ಬರುತ್ತದೆ. 2015ರಿಂದ ಇನ್ನೊಂದು ಸೌಲಭ್ಯವೂ ಇದೆ, ತನ್ನ ನಂತರ ಖಾತೆ ನೋಡಿಕೊಳ್ಳುವವರು ಯಾರು ಎಂದು ಬದುಕಿರುವಾಗಲೇ ಹೆಸರಿಸಿಡಬಹುದು. ಅವರೂ ಖಾಸಗಿ ಸಂದೇಶಗಳನ್ನು ಓದಲಾರರು. ಅಣ್ಣ ಯಾರನ್ನೂ ಹೆಸರಿಸಿರಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಯಾರು ಹೆಸರಿಸುತ್ತಾರೆ?

ಅರ್ಜಿ ತುಂಬಿ, ಕಳಿಸುವ ಮೊದಲು ಅಮ್ಮನಿಗೆ ತೋರಿಸಿದೆ. ಬೇಡ ಎಂದಳು. ಹೆಸರಿನ ಪಕ್ಕದಲ್ಲಿ ಆ ಒಂದು ಪದ ಬೇಡ ಎಂದಳು. ಅದಕ್ಕಿಂತ ಹೆಚ್ಚಿಗೆ ವಿವರಿಸಲಿಲ್ಲ. ಆಮೇಲೆ ಗಮನಿಸಿದೆ, ಹುಟ್ಟುಹಬ್ಬದ ದಿನ ಅವಳು ಕನ್ನಡಕ ಹಾಕಿಕೊಂಡು ಆ ಪುಟವನ್ನು ಕೆಳಗಿನವರೆಗೆ ಓದುತ್ತಾಳೆ. ‘ನೂರು ವರ್ಷ ಬಾಳು’ ಎಂದವರ ಹೆಸರನ್ನು ಜೋರಾಗಿ ಓದಿ, ‘ಇವರು ಯಾರು, ನಿನಗೆ ಗೊತ್ತೇ?’ ಎಂದು ಕೇಳುತ್ತಾಳೆ. ಗೊತ್ತಿದ್ದರೆ ಹೇಳುತ್ತೇನೆ. ಅವನೊಡನೆ ಕೆಲಸ ಮಾಡುತ್ತಿದ್ದವರು, ಒಮ್ಮೆ ರೈಲಿನಲ್ಲಿ ಸಿಕ್ಕಿದ್ದವರಂತೆ, ಹೀಗೆ.

ಅವರಿಗೆ ವಿಷಯ ತಿಳಿಸಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ತಿಳಿಸಿಲ್ಲ.

ತಂತಿಬೇಲಿ

ದೀಪದ ಕುಡಿ ಅವರೇ, ಅವಸರವೇನೂ ಇಲ್ಲ. ಆ ಮನವಿಗೆ ಕೊನೆಯ ದಿನಾಂಕ ಎಂಬುದಿಲ್ಲ. ಆದರೆ ಅಣ್ಣನ ಫೋಟೋಗಳನ್ನು ಬೇರೆ ಒಂದು ಕಡೆ ಉಳಿಸಿ ಇಟ್ಟುಕೊಳ್ಳಿ. ಅವನದು ಗೂಗಲ್ ಖಾತೆಯೂ ಇದ್ದರೆ ಅದನ್ನು ಬೇಗ ಗಮನಿಸಿ, ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಅವರು 2023ರಲ್ಲಿ ತಂದಿದ್ದಾರೆ. ಕುಟುಂಬದವರು ಮನವಿ ಸಲ್ಲಿಸಲು ಅಲ್ಲಿ ಬೇರೆ ದಾರಿ ಇದೆ.

ದೀಪದ ಕುಡಿ

ಇದು ಗೊತ್ತಿರಲಿಲ್ಲ. ಇವತ್ತೇ ನೋಡುತ್ತೇನೆ.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಬ್ಬರನ್ನು ಸ್ನೇಹಿತರ ಪಟ್ಟಿಯಿಂದ ತೆಗೆಯದೆಯೇ ಅವರು ಹಾಕುವುದು ನಮಗೆ ಕಾಣದಂತೆ ಮಾಡಲು ಬರುತ್ತದೆಯೇ? ಕಾರಣ ಕೇಳಬೇಡಿ, ನನಗೊಬ್ಬರು ಭಾವನವರಿದ್ದಾರೆ.

ತಂತಿಬೇಲಿ

ಬರುತ್ತದೆ. ಫೇಸ್‌ಬುಕ್‌ನಲ್ಲಿ ಅವರ ಯಾವುದಾದರೂ ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿದರೆ 30 ದಿನಗಳ ಮಟ್ಟಿಗೆ ‘ಸ್ನೂಜ್’ ಮಾಡುವ ಆಯ್ಕೆ ಇದೆ, 2017ರ ಕೊನೆಗೆ ಬಂದದ್ದು. ‘ಅನ್‌ಫಾಲೋ’ ಮಾಡಿದರೆ ನೀವು ಮನಸ್ಸು ಬದಲಾಯಿಸುವವರೆಗೆ. ಎರಡರಲ್ಲೂ ಭಾವನವರಿಗೆ ಸೂಚನೆ ಹೋಗುವುದಿಲ್ಲ.

ಹೊಸಬ

ನೀವು ಚಿರಾಯುವಾಗಿ.

ಇಳಿಸಂಜೆ (ಐದು ವಾರಗಳ ನಂತರ)

ಚರ್ಚೆ ಆರಂಭಿಸಿ ಮಾಯವಾದೆ ಎಂದು ಇಬ್ಬರು ಬೈದಿದ್ದಾರೆ. ಸುಮ್ಮನಿರಲಿಲ್ಲ, ಒಂದು ಪ್ರಯೋಗ ನಡೆಸುತ್ತಿದ್ದೆ. ಹೊಸಬ ಅವರು ಭಾವನಿಗಾಗಿ ಕೇಳಿದ ಉಪಾಯವನ್ನು ನಾನು ಗೆಳೆಯನ ಮೇಲೆ ಪ್ರಯೋಗಿಸಿದೆ. ಕಾರಣ ಮಾತ್ರ ತದ್ವಿರುದ್ಧ. ಅವನ ಸುದ್ದಿ 30 ದಿನ ನನ್ನ ಕಣ್ಣಿಗೆ ಬೀಳದಂತೆ ಮಾಡಿಕೊಂಡೆ.

ಇಪ್ಪತ್ತಾರನೇ ದಿನ ಫೋನು ಮಾಡಿದೆ. ‘ಈಜು ಕಲಿಯುತ್ತಿದ್ದೇನೆ, ನೋಡಿದೆಯಲ್ಲ?’ ಎಂದ. ‘ಇಲ್ಲ, ನೋಡಿಲ್ಲ, ಹೇಳು’ ಎಂದೆ. ಸ್ವಲ್ಪ ಹೊತ್ತು ಸುಮ್ಮನಾದ. ಪಾಪ, ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲವೆನಿಸುತ್ತದೆ.

ಆಮೇಲೆ ನಲವತ್ತು ನಿಮಿಷ ಹೇಳಿದ. ಐವತ್ತೊಂದನೇ ವಯಸ್ಸಿನಲ್ಲಿ ಆಸೆ ಹುಟ್ಟಿದ್ದು, ಮೊದಲ ಒಂಬತ್ತು ದಿನ ಅಂಚಿನ ಕಂಬಿ ಬಿಡದೆ ನಿಂತದ್ದು, ಕಲಿಸುವವರು ಬೇಸತ್ತು ಬೇರೆಯವರ ಕಡೆ ಹೋದದ್ದು. ಹತ್ತನೇ ದಿನ ಏಳು ವರ್ಷದ ಹುಡುಗಿಯೊಬ್ಬಳು, ಕೆಂಪು ಟೋಪಿಯವಳು, ಈಜಿ ಬಂದು ಅವನ ಪಕ್ಕದಲ್ಲೇ ಕಂಬಿ ಹಿಡಿದಳಂತೆ. ‘ಅಂಕಲ್, ಹೆದರಿಕೆ ಮೂಗಿನಲ್ಲಿರುತ್ತದೆ. ನೀರಿನೊಳಗೆ ಗುಳ್ಳೆ ಬಿಟ್ಟರೆ ಹೋಗುತ್ತದೆ’ ಎಂದಳಂತೆ. ಇಬ್ಬರೂ ಮುಖ ಮುಳುಗಿಸಿ ಗುಳ್ಳೆ ಬಿಟ್ಟರಂತೆ. ಯಾರದು ಜಾಸ್ತಿ ಹೊತ್ತು ಎಂದು ಪಂದ್ಯ ಬೇರೆ. ಹೇಳುತ್ತಾ ಹೇಳುತ್ತಾ ಅವನು ಕಾಲೇಜಿನ ದಿನಗಳ ಹಾಗೆ ಕೆಮ್ಮುವವರೆಗೆ ನಕ್ಕ. ಆಮೇಲೆ, ಇದ್ದಕ್ಕಿದ್ದಂತೆ, ‘ನಿನ್ನ ಕಾಲು ಮುರಿದದ್ದು ಹೇಗೋ?’ ಎಂದ. ಹೇಳಿದೆ. ಹಳೆಯ ಮನೆಯನ್ನು ಯಾಕೆ ಬಿಟ್ಟ ಎಂಬುದನ್ನೂ ಕೇಳಿದೆ. ಅದನ್ನು ಇಲ್ಲಿ ಬರೆಯಲಾರೆ, ಗುಟ್ಟು.

ಮೂವತ್ತು ದಿನ ಮುಗಿದ ಮೇಲೆ ಅವನ ಫೋಟೋಗಳು ಮತ್ತೆ ಬರತೊಡಗಿದವು. ಈಜುಕೊಳದ ಫೋಟೋವನ್ನು ನಾನೇ ಅವನ ಪುಟಕ್ಕೆ ಹೋಗಿ ಹುಡುಕಿದೆ. ಇವನು ಕನ್ನಡಕವನ್ನು ಹಣೆಗೇರಿಸಿಕೊಂಡು ಅಂಚಿನಲ್ಲಿ ಕೂತಿದ್ದಾನೆ. ‘ಹೊಸ ಆರಂಭ’ ಎಂದು ಎರಡು ಪದ, 112 ಲೈಕ್. ಎಡಗಡೆ ಅಂಚಿನಲ್ಲಿ ಚೌಕಟ್ಟಿಗೆ ಅರ್ಧ ಕತ್ತರಿಸಿಹೋದ ಒಂದು ಕೆಂಪು ಟೋಪಿ.

ಮೂರನೇ ಮಹಡಿ

ಆ ಟೋಪಿಯನ್ನು ಆ 112 ಜನರಲ್ಲಿ ಎಷ್ಟು ಮಂದಿ ನೋಡಿರಬಹುದು?

ಅಡ್ಡಪ್ರಶ್ನೆ

ನನ್ನ ಪ್ರಶ್ನೆ ಬೇರೆ. ನೀವು ಅದಕ್ಕೆ ಲೈಕ್ ಕೊಟ್ಟಿರೋ ಇಲ್ಲವೋ?

ಇಳಿಸಂಜೆ

ಕೊಟ್ಟೆ. ಕೊಡದಿದ್ದರೆ ಏನಾಯಿತೆಂದು ಫೋನು ಮಾಡಿ ಕೇಳುತ್ತಾನೆ.

ಅಡ್ಡಪ್ರಶ್ನೆ

ಹಾಗಾದರೆ ಕೊಡಬಾರದಿತ್ತು.